ಭೂರ್ಜ ಇಳಿಸುವ ವೆಲ್ಗಾ

ನಮ್ಮ ಸ್ಮಿಲ್ಟೆನೆ ಪೇಟೆಯ ಕೆರೆ ಓಣಿಯಲ್ಲಿ ನವೆಂಬರಿನ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಿರ್ಡ್ಜಾ ಅವರ ಹಿತ್ತಿಲಿನ ಬೆಳ್ಳಿ ಭೂರ್ಜ ಮರದ ಪಕ್ಕ, ಸೂರಿಗಿಂತ ಎತ್ತರದಲ್ಲಿ, ಹೆಂಗಸೊಬ್ಬರು ಹಗ್ಗಕ್ಕೆ ಜೋತುಬಿದ್ದು ಬಿಳಿ ಕಾಂಡವನ್ನು ಕೊಡತಿಯಿಂದ ತಟ್ಟುತ್ತಿದ್ದಾರೆ. ತಟ್ಟಿ ಕಿವಿಗೊಡುತ್ತಾರೆ. ಕೆಳಗೆ, ಕೊಯ್ದ ತುಂಡುಗಳನ್ನು ಇಳಿಸುವ ಇನ್ನೊಂದು ಹಗ್ಗ ಹಿಡಿದು ನಿಂತ ಅವರ ಗಂಡ ಜಿಗ್ಮಾರ್ಸ್ ತಲೆಯೆತ್ತುವುದಿಲ್ಲ. ಬೇರೆಯವರು ಎತ್ತರದಲ್ಲಿದ್ದರೂ ಅವರಿಗೆ ತಲೆ ತಿರುಗುತ್ತದೆ.

"ಏನಂತೆ ಮರ?" ನೆಲ ನೋಡಿಕೊಂಡೇ ಕೇಳುತ್ತಾರೆ.

"ಒಳಗೆಲ್ಲ ಟೊಳ್ಳು. ಪುಣ್ಯಕ್ಕೆ ನನ್ನ ಹಗ್ಗ ಪಕ್ಕದ ಮನೆ ಓಕ್ ಮರಕ್ಕೆ ಕಟ್ಟಿದೀನಿ. ನೀನು ಮಾತು ಬಿಟ್ಟು ಬಿಗಿಯಾಗಿ ಹಿಡ್ಕೋ."

ಮೇಲಿರುವವರು ವೆಲ್ಗಾ ಪ್ಲಾವಿನಾ. ವಯಸ್ಸು ಐವತ್ತೆರಡು. ಮನೆಗಳಿಗೆ ಒತ್ತಿಕೊಂಡು ಬೆಳೆದ ಮರಗಳನ್ನು ತುಂಡು ತುಂಡಾಗಿ ಇಳಿಸುವುದು ಅವರ ಕಸುಬು. ಹಾಲಿನ ಡೇರಿ ಮುಚ್ಚಿದಾಗ ಕೆಲಸ ಕಳೆದುಕೊಂಡು, ಕಾಡಿನಲ್ಲಿ ದುಡಿಯುತ್ತಿದ್ದ ಚಿಕ್ಕಪ್ಪನಿಂದ ಹಗ್ಗದ ಗಂಟುಗಳನ್ನು ಕಲಿತರು. ಒಮ್ಮೆ ಮರದಿಂದ ಬಿದ್ದಿದ್ದಾರೆ, ಸೊಂಟದ ಮೂಳೆಗೆ ಲೋಹದ ಪಟ್ಟಿ ಹಾಕಿದೆ. ಚಳಿಗಾಲವೇ ಅವರ ಸುಗ್ಗಿ. ವಸಂತದಲ್ಲಿ ಭೂರ್ಜಕ್ಕೆ ಗರಗಸ ತಾಗಿಸಿದರೆ ರಸ ಧಾರೆಯಾಗಿ ಸುರಿಯುತ್ತದೆ, ಕೊಂಬೆಗಳಲ್ಲಿ ಗೂಡುಗಳಿರುತ್ತವೆ. ಅಲ್ಲದೆ ಮೇ ತಿಂಗಳಲ್ಲಿ ಅದರ ಪರಾಗಕ್ಕೆ ವೆಲ್ಗಾರ ಕಣ್ಣುಗಳೇ ಊದಿಕೊಳ್ಳುತ್ತವೆ. "ನಾನು ಅದನ್ನ ಕಡಿಯೋದು, ಅದು ನನ್ನನ್ನ ಅಳಿಸೋದು. ಲೆಕ್ಕ ಸಮ," ಎನ್ನುತ್ತಾರೆ.

ಭೂರ್ಜವನ್ನು ದೂರುವವರು ನಮ್ಮಲ್ಲಿಲ್ಲ. ವಸಂತದಲ್ಲಿ ಅದರ ರಸ ಕುಡಿಯುತ್ತೇವೆ, ನಡುಬೇಸಿಗೆಯ ಯಾನಿ ಹಬ್ಬಕ್ಕೆ ಅದರ ಕೊಂಬೆಗಳನ್ನು ಬಾಗಿಲಿಗೆ ಸಿಕ್ಕಿಸುತ್ತೇವೆ, ಉಗಿಸ್ನಾನದ ಮನೆಯಲ್ಲಿ ಅದರ ಸೊಪ್ಪಿನ ಕಟ್ಟಿನಿಂದಲೇ ಮೈಗೆ ಬಡಿದುಕೊಳ್ಳುತ್ತೇವೆ. ಮಿರ್ಡ್ಜಾರ ಮರವನ್ನು ಅವರ ಗಂಡ, ಮಗಳು ಲಾಸ್ಮಾ ಹುಟ್ಟಿದ ವರ್ಷ ಮಲಗುವ ಕೋಣೆಯ ಕಿಟಕಿಗೆ ಕಾಣುವಂತೆ ನೆಟ್ಟಿದ್ದರು. ಗಂಡ ಈಗಿಲ್ಲ. ಬಸ್ಸು ಓಡಿಸುವ ಲಾಸ್ಮಾ ಪ್ರತಿ ವಸಂತದಲ್ಲೂ ಅದರ ಪರಾಗದಿಂದ ಉಬ್ಬಸ ಬಂದು ರಾತ್ರಿ ಎದ್ದು ಕೂರುತ್ತಾಳೆ. ಆದರೂ ತಾಯಿ ಕಡಿಸಲು ಒಪ್ಪಿರಲಿಲ್ಲ. ಕಳೆದ ತಿಂಗಳ ಬಿರುಗಾಳಿಗೆ ಮರ ಮಾಡಿನ ಕಡೆ ವಾಲಿದ ಮೇಲೆ ಮಗಳೇ ವೆಲ್ಗಾರನ್ನು ಕರೆಸಿದಳು.

"ನೋಡೋಕೆ ಎಷ್ಟು ಗಟ್ಟಿಯಾಗಿದೆ, ಒಳಗೆ ಏನಾಗಿರುತ್ತೆ?" ಎಂದು ಮಿರ್ಡ್ಜಾ ಅಂಗಳದಿಂದ ಕೂಗುತ್ತಾರೆ.

"ತೊಗಟೆ ಗಟ್ಟಿ ಅಕ್ಕಾ. ಭೂರ್ಜದ್ದು ಅದೇ ತೊಂದರೆ. ಒಳಗೆ ಪುಡಿಯಾದ್ರೂ ಮೇಲೆ ಬೆಳ್ಳಗೆ ನಗ್ತಾ ನಿಂತಿರುತ್ತೆ. ನೀವು ಆ ಕಡೆ ಹೋಗಿ."

ಗರಗಸ ಗುಂಯ್‌ಗುಡುತ್ತದೆ. ತುದಿಯ ಭಾಗ ಅರ್ಧ ಕೊಯ್ದಿರುವಾಗಲೇ ಕಾಂಡ ಲಟಕ್ಕೆಂದು ಸೀಳುತ್ತದೆ. ಆಳೆತ್ತರದ ತುಂಡು ಹಗ್ಗದಲ್ಲಿ ಗಿರ್ರನೆ ತಿರುಗಿ ಮಲಗುವ ಕೋಣೆಯ ಮಾಡಿನತ್ತ ಬೀಸಿಬರುತ್ತದೆ.

"ಜಿಗ್ಮಾರ್ಸ್, ಮೇಲೆ ನೋಡು," ವೆಲ್ಗಾರ ದನಿ ಏರುವುದಿಲ್ಲ. "ನೋಡು. ಈಗ ಎಳಿ."

ಅವರು ತಲೆಯೆತ್ತುತ್ತಾರೆ. ಮುಖ ಸುಣ್ಣದಂತಾಗುತ್ತದೆ. ಆದರೂ ಕಣ್ಣು ಕೀಳದೆ, ಹಗ್ಗ ಬಿಡದೆ ಹಿಂದಕ್ಕೆ ಓಡಿ ಕೆಸರಿನಲ್ಲಿ ಕುಂಡೆಯೂರಿ ಕೂತುಬಿಡುತ್ತಾರೆ. ತುಂಡು ಹೆಂಚಿನಿಂದ ಒಂದು ಗೇಣು ದೂರದಲ್ಲಿ ನಿಂತು ತೂಗಾಡುತ್ತದೆ. ಮೆಲ್ಲಗೆ, ಮೊಳ ಮೊಳವಾಗಿ, ಅದು ನೆಲಕ್ಕಿಳಿಯುತ್ತದೆ. ಬೇಲಿ ಬಳಿ ನಿಂತಿದ್ದ ಲಾಸ್ಮಾ ಓಡಿಬಂದು ಅದರ ಹಗ್ಗ ಬಿಚ್ಚುತ್ತಾಳೆ.

"ಇಷ್ಟು ವರ್ಷದಲ್ಲಿ ಇವತ್ತು ನೋಡ್ದೆ ನನ್ನ ಮುಖ," ಎಂದು ಮೇಲಿನಿಂದ ಹೆಂಡತಿ ಛೇಡಿಸುತ್ತಾರೆ.

"ಮುಖ ಎಲ್ಲಿ ಕಾಣ್ಸುತ್ತೆ, ಬರೀ ಬೂಟು," ಕೆಸರಿನಿಂದ ಗಂಡನ ಉತ್ತರ.

ಮಧ್ಯಾಹ್ನದ ಹೊತ್ತಿಗೆ ಮೋಟು ಮಾತ್ರ ಉಳಿದಿದೆ. ಅದರ ನಡುವೆ ಬೆರಳಿಂದ ಕೆದಕಿದರೂ ಉದುರುವ ಕಂದು ಪುಡಿ. ಮಿರ್ಡ್ಜಾ ಅದನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಅಡುಗೆಮನೆಯಲ್ಲಿ ಹುಳಿ ಕೋಸಿನ ಸಾರು, ಕಪ್ಪು ರೊಟ್ಟಿ ಬಡಿಸುತ್ತಾ ಇದ್ದಕ್ಕಿದ್ದಂತೆ ಶುರುಮಾಡುತ್ತಾರೆ.

"ಒಂದು ಟೊಮೆಟೊ ಗಿಡಾನೂ ಬರ್ಲಿಲ್ಲ ಆ ಮೂಲೇಲಿ. ನೀರೆಲ್ಲ ಅದೇ ಕುಡೀತಿತ್ತು. ಬಚ್ಚಲ ಕೊಳವೆಗೆ ಬೇರು ನುಗ್ಗಿ ಎರಡು ಸಲ ಅಗೆಸಿದ್ವಿ. ಸೂರಿನ ನೀರು ಹರಿಯೋ ದೋಣೀಲಿ ಬೀಜ, ಹಾಸಿಗೇಲಿ ಬೀಜ, ಹಿಟ್ಟಿನ ಡಬ್ಬೀಲೂ ಬೀಜ. ಬೇಸಿಗೆ ಪೂರ್ತಿ ಅಂಟು ಸುರಿದು ಒಗೆದ ಬಟ್ಟೆ ಮತ್ತೆ ಒಗೀಬೇಕು. ಗಾಳಿ ಬೀಸಿದ್ರೆ ಕಣ್ಣು ಮುಚ್ತಿರ್ಲಿಲ್ಲ ನಾನು."

"ಅಮ್ಮಾ, ಇದನ್ನ ಮೊದಲೇ ಹೇಳ್ಬಾರ್ದಿತ್ತಾ?" ಲಾಸ್ಮಾ ಚಮಚ ಕೆಳಗಿಡುತ್ತಾಳೆ.

"ನಿಮ್ಮಪ್ಪ ನೆಟ್ಟಿದ್ದು. ಭೂರ್ಜ ಬೇಡ ಅಂತ ಯಾರ ಮುಂದೆ ಹೇಳ್ಲಿ? ನಿನ್ನ ಕೆಮ್ಮು ಕೇಳಿದಾಗೆಲ್ಲ ಹೇಳ್ಬೇಕು ಅನ್ನಿಸ್ತಿತ್ತು, ನಾಲಿಗೆ ಬರ್ತಿರ್ಲಿಲ್ಲ." ಹೇಳಿ ಮುಗಿಸಿದ ಮಿರ್ಡ್ಜಾ ಅಳುತ್ತಾರೆ. ಮತ್ತೆ ನಗುತ್ತಾರೆ. ಮಗಳು ಎದ್ದುಹೋಗಿ ಅವರ ಹೆಗಲ ಮೇಲೆ ಗಲ್ಲವೂರುತ್ತಾಳೆ.

ಇದು ವೆಲ್ಗಾರಿಗೆ ಹೊಸದಲ್ಲ. "ಎಲ್ಲ ಮನೇಲೂ ಹೀಗೇ. ಮರ ಇಳಿದ ಮೇಲೆ ಮಾತು ಇಳಿಯುತ್ತೆ. ನಾನು ಸುಮ್ನೆ ಸಾರು ಕುಡೀತಾ ಕೂರ್ತೀನಿ," ಎನ್ನುತ್ತಾರೆ.

ನಿಮಗೇನಾದರೂ ಆಸೆಯಿದೆಯೇ ಎಂದು ಪಕ್ಕದಲ್ಲಿ ಕೂತ ನಾನು ಕೇಳಿದರೆ, ರೊಟ್ಟಿ ಅಗಿಯುತ್ತಾ ಯೋಚಿಸುತ್ತಾರೆ.

"ಎಲ್ರೂ ನನ್ನ ಕರೆಯೋದು ಕಡಿಯೋಕೆ. ನೆಡೋವಾಗ ಒಬ್ರಾದ್ರೂ ಕರೆದಿದ್ರೆ. ಭೂರ್ಜದ ಮೇಲೆ ನಂಗೇನು ಹಗೆ? ಅದಕ್ಕೆ ಬಯಲು ಬೇಕು, ಅಷ್ಟೆ. ಕಿಟಕಿ ಪಕ್ಕ ತಂದು ನಿಲ್ಲಿಸಿದ್ರೆ ಅದೇನು ಮಾಡುತ್ತೆ ಪಾಪ."

ಮಿರ್ಡ್ಜಾ ಕಣ್ಣೊರೆಸಿಕೊಂಡು ಕೇಳುತ್ತಾರೆ: "ಹಾಗಾದ್ರೆ ಒಂದು ಸೇಬಿನ ಗಿಡ ನೆಡ್ಬೇಕು, ಎಲ್ಲಿಡ್ಲಿ, ಹೇಳು ಬಾ."

ವೆಲ್ಗಾ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದಾಗಿದೆ.