ಖಾಲಿ ಮನೆಯಲ್ಲಿ ಸಂಸಾರ ಹೂಡುವ ಬಸವರಾಜೇಶ್ವರಿ

ಬಸವರಾಜೇಶ್ವರಿಯವರನ್ನು ನಾನು ಮೂರು ತಿಂಗಳು ಭಾರೀ ಆಸ್ತಿವಂತೆ ಎಂದೇ ನಂಬಿದ್ದೆ. ನನ್ನ ಬೆಳಗಿನ ವಾಕಿಂಗ್ ಹೊತ್ತಿಗೆ ಶಿವಮೊಗ್ಗದ ನವುಲೆಯ ಒಂದು ಮನೆಯ ಮುಂದೆ ರಂಗೋಲಿ ಹಾಕುತ್ತಿದ್ದವರು, ಮುಂದಿನ ವಾರ ಎರಡು ರಸ್ತೆ ಆಚೆಗಿನ ಮನೆಯ ಮುಂದೆ ಹಾಕುತ್ತಿದ್ದರು. ಅದರ ಮುಂದಿನ ವಾರ ಮತ್ತೊಂದು. ಗೇಟು ಬದಲಾಗುತ್ತಿತ್ತು, ತಂತಿಯ ಮೇಲೆ ಒಣಗುವ ಹಳದಿ ಫ್ರಾಕು ಮಾತ್ರ ಅದೇ. ಇಷ್ಟು ಮನೆಗಳಿದ್ದೂ ಸ್ವತಃ ಅಂಗಳ ಗುಡಿಸುವ ಸರಳತೆಗೆ ಮನಸೋತು ದೂರದಿಂದಲೇ ಕೈಮುಗಿಯತೊಡಗಿದೆ. ಒಂದು ದಿನ ಧೈರ್ಯ ಮಾಡಿ ಕೇಳಿದೆ: "ಮೇಡಂ, ಒಟ್ಟು ಎಷ್ಟು ಮನೆ ನಿಮ್ದು?"

"ನಂದಾ? ಭದ್ರಾವತಿ ಹಳೇನಗರದಲ್ಲಿ ಒಂದು ಬಾಡಿಗೆ ಮನೆ. ಅದ್ರ ಮುಂದೆ ರಂಗೋಲಿ ಹಾಕೋಕೆ ಟೈಮೇ ಸಿಗಲ್ಲ."

ಅವರ ಕಸುಬೇ ಇದು: ಮಾರಾಟಕ್ಕಿರುವ ಮನೆಯಲ್ಲಿ ಹಗಲೆಲ್ಲ ಸಂಸಾರ ನಡೆಸುವುದು. ನಮ್ಮ ಕಡೆ ಬೀಗ ಹಾಕಿದ ಮನೆ ಪುಕ್ಕಟೆ ಕೊಟ್ಟರೂ ಜನಕ್ಕೆ ಅನುಮಾನ. ವಾಸ್ತುವೋ, ಕೋರ್ಟು ಕೇಸೋ, ಹೇಳಬಾರದ ಇನ್ನೇನೋ ಎಂದು ಗೇಟಿನಿಂದಲೇ ವಾಪಸು ಹೋಗುತ್ತಾರೆ. ಹಿಂದೆ ಇವರು ಊಟದ ಮೆಸ್ ನಡೆಸುತ್ತಿದ್ದಾಗ ಅಡುಗೆಮನೆ ಸೋರಿ, ಪಕ್ಕದ ಖಾಲಿ ಮನೆಯಲ್ಲಿ ನಾಲ್ಕು ದಿನ ಸಾರು ಕುದಿಸಿದರಂತೆ. ಎರಡು ವರ್ಷದಿಂದ ಹೋಗದಿದ್ದ ಆ ಮನೆ ಐದನೇ ದಿನ ಮಾರಾಟವಾಯಿತು. ಆರನೇ ದಿನ ಬ್ರೋಕರುಗಳು ಮೆಸ್ಸಿನ ಬಾಗಿಲಲ್ಲಿ ನಿಂತಿದ್ದರು, ಊಟಕ್ಕಲ್ಲ.

ಈಗ ಅವರ ಸರಂಜಾಮೆಲ್ಲ ಒಂದೇ ಚೀಲದಲ್ಲಿದೆ. ರಂಗೋಲಿ ಪುಡಿ, ಕುಕ್ಕರು, ಸಾಸಿವೆ, ಕರಿಬೇವು, ಮಗಳು ಸುಪ್ರಿಯಾಳ ಹಳೇ ಫ್ರಾಕು. ಸುಪ್ರಿಯಾಗೆ ಮದುವೆಯಾಯಿತು, ಫ್ರಾಕು ಇನ್ನೂ ದುಡಿಯುತ್ತಿದೆ. ಮನೆ ನೋಡುವವರು ಗೇಟು ತೆಗೆಯುವುದಕ್ಕೂ ಒಳಗೆ ಒಗ್ಗರಣೆ ಚಟಪಟ ಎನ್ನುವುದಕ್ಕೂ ಸರಿಹೋಗಬೇಕು. ಇನ್ನೊಂದು ಕೆಲಸವಿದೆ. ಪ್ರತಿ ಮನೆಯಲ್ಲೂ ಹತ್ತು ವರ್ಷದ ಕ್ಯಾಲೆಂಡರುಗಳು ನೇತಾಡುತ್ತಿರುತ್ತವೆ. ದೇವರ ಚಿತ್ರ ಇರುವುದರಿಂದ ಕಸಕ್ಕೆ ಹಾಕುವಂತಿಲ್ಲ. ಅವನ್ನು ಇವರು ಹೊಳೆ ದಾರಿಯ ಅರಳಿಕಟ್ಟೆಗೆ ಒಯ್ದಿಡುತ್ತಾರೆ. ಗಾಜೊಡೆದ ಗಣಪತಿ, ಬಣ್ಣ ಹೋದ ಲಕ್ಷ್ಮಿ, ಎಲ್ಲರೂ ನಿವೃತ್ತರಾಗಿ ಕೂರುವುದು ಅಲ್ಲಿಯೇ.

ಇಂಥವರ ಸಹಾಯ ನನಗೇ ಬೇಕಾಯಿತು. ನನ್ನ ಅಕ್ಕ ದಾಕ್ಷಾಯಣಮ್ಮನ ಗಂಡ ಓಂಕಾರಪ್ಪನವರು ಭದ್ರಾವತಿಯ ತಮ್ಮ ಬಡಾವಣೆಯ ಹಿತರಕ್ಷಣಾ ಸಮಿತಿಗೆ ಸಂಸ್ಥಾಪಕ ಅಧ್ಯಕ್ಷರು. ಅವರ ಮನೆಗೆ ಇಪ್ಪತ್ತೆರಡು ಮೆಟ್ಟಿಲು. ಅಕ್ಕನ ಮಂಡಿ ಹತ್ತಕ್ಕೇ ನಿಲ್ಲುತ್ತಿತ್ತು. "ಇದನ್ನ ಮಾರಿ ಶಿವಮೊಗ್ಗದಲ್ಲಿ ಮೆಟ್ಟಿಲಿಲ್ಲದ ಮನೆ ತಗೊಳ್ಳಿ. ಅಲ್ಲೀವರೆಗೂ ನಾನು ತಮ್ಮನ ಮನೇಲಿ ಇರ್ತೀನಿ" ಎಂದು ಅವಳು ನವುಲೆಯ ನಮ್ಮ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಮನೆ ಹೋಗುವವರೆಗೆ ಹೆಂಡತಿ ಸಿಗುವಂತಿರಲಿಲ್ಲ. ಭಾವ ದಿನಾ ಉಪ್ಪಿಟ್ಟು ತಿಂದು ಸೊರಗಿದ್ದರು.

ಮನೆ ಹೋಗದಿರಲು ಕಾರಣ ಹಾಲಿನ ಗೋಡೆಯ ಮೇಲಿತ್ತು. ಚರಂಡಿಗೆ ಚಪ್ಪಡಿ ಹಾಕಿಸಿದ್ದಕ್ಕೆ ಬಡಾವಣೆಯವರು ಸನ್ಮಾನ ಮಾಡಿ ಹಾಕಿದ ಗಂಧದ ಹಾರವನ್ನು ಭಾವ ತಮ್ಮದೇ ಮೂರಡಿ ಫೋಟೋಕ್ಕೆ ಹಾಕಿ, ಮೇಲೊಂದು ಕೆಂಪು ಬಲ್ಬು ಉರಿಸಿದ್ದರು. ಮನೆ ನೋಡಲು ಬಂದವರು ಅದಕ್ಕೆ ಕೈಮುಗಿದು, "ಪಾಪ, ವಯಸ್ಸೇನೂ ಆಗಿರ್ಲಿಲ್ಲ" ಎನ್ನುವಷ್ಟರಲ್ಲಿ ಭಾವ ಪೂಜೆ ಮುಗಿಸಿ, ಮೈತುಂಬ ವಿಭೂತಿ ಬಳಿದುಕೊಂಡು ಒಳಗಿನಿಂದ ಬರುತ್ತಿದ್ದರು. ಒಂಬತ್ತು ಪಾರ್ಟಿಗಳು ಹೀಗೇ ಹೋದವು. ಅದರಲ್ಲೊಬ್ಬರ ಅತ್ತೆ ಇಪ್ಪತ್ತೆರಡು ಮೆಟ್ಟಿಲನ್ನು ನಾಲ್ಕೇ ಹೆಜ್ಜೆಯಲ್ಲಿ ಇಳಿದಿದ್ದರು.

"ನನ್ನ ಎದುರು ನಿಂತು ರೇಟು ಕೇಳೋಕೆ ಜನಕ್ಕೆ ಧೈರ್ಯ ಇಲ್ಲ ಮಾರಾಯ" ಎಂದು ಭಾವ ನನಗೆ ವಿವರಿಸಿದ್ದರು.

ಬಸವರಾಜೇಶ್ವರಿ ಬಂದು ಒಮ್ಮೆ ಗೋಡೆ ನೋಡಿದರು. "ಸಾರ್, ಫೋಟೋ ಇಳಿಸ್ಬೇಕು."

"ಸಾಧ್ಯವೇ ಇಲ್ಲ."

"ಹೋಗ್ಲಿ, ಹಾರನಾದ್ರೂ ತೆಗೀರಿ."

"ಹಾರ ತೆಗೆದ್ರೆ ಸನ್ಮಾನ ಆಗಿದ್ದು ಬಂದೋರಿಗೆ ಹೆಂಗಮ್ಮ ಗೊತ್ತಾಗುತ್ತೆ?"

"ಹಂಗಾದ್ರೆ ನೀವೇ ಹೊರಗೆ ಹೋಗಿ ಸಾರ್. ಹಾರ ಹಾಕಿರೋ ಫೋಟೋ, ಅದ್ರಲ್ಲಿರೋ ಮನುಷ್ಯ, ಎರಡೂ ಒಂದೇ ಮನೇಲಿ ಇರ್ಬಾರ್ದು."

ಮರುದಿನ ಭಾವ ನಮ್ಮ ಮನೆಗೆ ಬಂದು ತಿಂಡಿಗೆ ಕುಳಿತಿದ್ದಾಗ ಅಕ್ಕನ ಫೋನು ಬಡಿದುಕೊಂಡಿತು. ಬಸವರಾಜೇಶ್ವರಿ ಅಪ್ಪಣೆ ಕೇಳುತ್ತಿದ್ದರು. ಅಕ್ಕ ಫೋನನ್ನು ಅಡುಗೆಮನೆಗೆ ಒಯ್ದು ಹೇಳಿದಳು: "ಇಳಿಸು ಮಾರಾಯ್ತಿ. ಮೊಳೆ ಸಮೇತ ಕಿತ್ಬಿಡು."

ಕಿತ್ತದ್ದನ್ನು ಬಸವರಾಜೇಶ್ವರಿ ಕ್ಯಾಲೆಂಡರುಗಳ ಜೊತೆ ಅರಳಿಕಟ್ಟೆಗೆ ಒಯ್ದಿಟ್ಟರು. ಹಾರ ಹಾಕಿದ ಫೋಟೋವನ್ನು ಕಸಕ್ಕೆ ಹಾಕುವಷ್ಟು ಕೆಟ್ಟವರಲ್ಲ ಅವರು. ಮಧ್ಯಾಹ್ನ ಕುಂಸಿಯ ಹುಲಿಯಪ್ಪ ಎಂಬವರು ಮನೆ ನೋಡಲು ಬಂದರು. ಒಗ್ಗರಣೆಯ ವಾಸನೆಗೆ ಮೂಗರಳಿಸಿ, ತಂತಿಯ ಮೇಲಿನ ಫ್ರಾಕು ನೋಡಿ ನಕ್ಕು, ಗೋಡೆಯ ಬಿಳೀ ಚೌಕದ ಮುಂದೆ ಮಾತ್ರ ನಿಂತರು.

"ಇಲ್ಲೇನಿತ್ತಮ್ಮ?"

"ಯಜಮಾನ್ರ ಫೋಟೋ."

"ಅವ್ರು... ಇದಾರಾ?"

"ಶಿವಮೊಗ್ಗದಲ್ಲಿ ಹೆಂಡ್ತಿ ಹತ್ರ ಬೈಸ್ಕೊಳ್ತಾ ಕೂತಿದಾರೆ."

"ಹಂಗಾದ್ರೆ ಸರಿ" ಎಂದ ಹುಲಿಯಪ್ಪನವರು ಸಂಜೆಗೇ ಮಾತು ಮುಗಿಸಿದರು.

ರಿಜಿಸ್ಟ್ರೇಷನ್ನಿನ ದಿನ ಭಾವನಿಗೆ ಫೋಟೋ ಎಲ್ಲಿದೆ ಎಂಬುದು ತಿಳಿಯಿತು. "ಸಂಸ್ಥಾಪಕ ಅಧ್ಯಕ್ಷನ್ನ ಅರಳಿಕಟ್ಟೆಗೆ ಹಾಕಿದೀಯೇನಮ್ಮ!" ಎಂದು ಹಾರಾಡಿ, ನನ್ನನ್ನೂ ಬಸವರಾಜೇಶ್ವರಿಯವರನ್ನೂ ಕಾರಿಗೆ ತುಂಬಿಕೊಂಡು ಹೊರಟರು. ಹೊಸ ಮನೆಯ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಕೂಡದು ಎಂಬ ಷರತ್ತಿನ ಮೇಲೆಯೇ ಅಕ್ಕ ಜೊತೆಗಿರಲು ಒಪ್ಪಿದ್ದಾಳೆಂದು ನಾನು ನೆನಪಿಸಿದ್ದು ಅವರಿಗೆ ಕೇಳಿಸಲಿಲ್ಲ.

ಕಟ್ಟೆಯ ಮೇಲೆ ಗಣಪತಿಗೂ ಲಕ್ಷ್ಮಿಗೂ ನಡುವೆ ಭಾವ ಒರಗಿ ಕುಳಿತಿದ್ದರು. ಯಾರೋ ಹಣೆಗೆ ಕುಂಕುಮ ಇಟ್ಟು, ಎರಡು ದಾಸವಾಳ ಏರಿಸಿದ್ದರು. ಅರ್ಧ ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ ಇನ್ನೂ ಹೊಗೆಯಾಡುತ್ತಿತ್ತು.

ಭಾವನ ಸಿಟ್ಟು ಅಲ್ಲೇ ಇಳಿಯಿತು. ಫೋಟೋ ಎತ್ತಲು ಹೋದ ನನ್ನ ಕೈ ಹಿಡಿದು, "ಇರ್ಲಿ ಬಿಡು, ಭಕ್ತರಿಗೆ ಬೇಜಾರಾಗುತ್ತೆ" ಎಂದರು. ಅತ್ತಿತ್ತ ನೋಡಿ, ಶಲ್ಯ ಸರಿಪಡಿಸಿಕೊಂಡು, ದನಿ ತಗ್ಗಿಸಿ ಕೇಳಿದರು:

"ಅಲ್ಲ ಬಸವರಾಜೇಶ್ವರಿ, ಜನ ನನ್ನನ್ನ ಯಾವ ದೇವ್ರು ಅಂತ ತಿಳ್ಕೊಂಡಿರ್ಬಹುದು?"

ಅವರು ಕುಕ್ಕರಿನ ಚೀಲವನ್ನು ಹೆಗಲಿಗೇರಿಸಿಕೊಂಡರು.

"ಮನೆಯೋರಿಗೆ ಬೇಡ ಆಗಿರೋ ದೇವ್ರು ಅಂತ ಸಾರ್."