ಫಸ್ಟ್ ಬಿಕಾಂ ಅಯ್ಯನವರು

ಕೆಂಗೇರಿಯ ಆ ಕಾಲೇಜಿನಲ್ಲಿ ಗೇಟು ದಾಟುವುದೇ ಒಂದು ಪರೀಕ್ಷೆ. ಕೊರಳಲ್ಲಿ ಐಡಿ ಕಾರ್ಡ್ ಇಲ್ಲದಿದ್ದರೆ ಸೆಕ್ಯುರಿಟಿ ಬಸಲಿಂಗಪ್ಪ ಪ್ರಿನ್ಸಿಪಾಲರ ಮಗನನ್ನೂ ಬಿಡುವವರಲ್ಲ. ಕಾಲೇಜು ಸೇರಿದ ಎರಡನೇ ವಾರ ಬಸವೇಶ್ವರನಗರದ ಶ್ರೀಶೈಲ ಕಾರ್ಡನ್ನು ಮನೆಯಲ್ಲೇ ಮರೆತು ಬಂದು ಅವರ ಮುಂದೆ ನಿಂತ.

ಅಂದು ಅವನಿಗೆ ಒಳಗೆ ಹೋಗಲೇಬೇಕಿತ್ತು. ಕೊನೇ ಬೆಂಚಿನ ಮೂವರು, ರಾಜಾಜಿನಗರದ ಸುಘೋಷ್, ಅವನ ಜೊತೆಗಾರ ಗಿರಿರಾಜ್ ಮತ್ತು ಇಬ್ಬರನ್ನೂ ಗದರಿಸಿಕೊಂಡಿರುವ ಸ್ಮೃತಿ, ಹಿಂದಿನ ದಿನವಷ್ಟೇ "ನಾಳೆಯಿಂದ ನಮ್ ಜೊತೆ ಕೂತ್ಕೋ ಮಗಾ" ಎಂದಿದ್ದರು. ಪಿಯುಸಿ ಮುಗಿಯುವವರೆಗೂ ಒಬ್ಬನೇ ಕೂತು ಡಬ್ಬಿ ಖಾಲಿ ಮಾಡಿದ ಹುಡುಗನಿಗೆ ಇದು ಸಣ್ಣ ಕರೆಯಲ್ಲ.

"ಹೆಸ್ರೇನು?" ಬಸಲಿಂಗಪ್ಪ ಗದರಿದರು.

"ಶ್ರೀಶೈಲ ಹಿರೇಮಠ, ಸಾರ್."

"ಯಾವೂರು?"

"ಬಸವೇಶ್ವರನಗರ."

"ಅದಲ್ಲೋ ತಮ್ಮಾ, ನಿಮ್ಮ ಹಿರ್ಯಾರ ಊರು."

"ಲಿಂಗಸುಗೂರು ಹತ್ರ..."

"ಅಯ್ಯಾವ್ರಾ!" ಬಸಲಿಂಗಪ್ಪ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಸೊಂಟ ಹಿಡಿದು ಬಗ್ಗಿ, ಅವನ ಕ್ಯಾನ್ವಾಸ್ ಶೂ ಮುಟ್ಟಿ ಕಣ್ಣಿಗೊತ್ತಿಕೊಂಡರು. "ತಪ್ಪಾತ್ರಿ. ಶರಣ್ರಿ."

ಅವರ ಊರ ಕಡೆ ಮಠದ ಮನೆತನದವರಿಗೆ ವಯಸ್ಸು ಕೇಳದೆ ನಮಸ್ಕರಿಸುವ ರೂಢಿ ಇದೆ. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಶ್ರೀಶೈಲನಿಗೆ ಇದು ಆಗುತ್ತಿತ್ತು. ಹಿರಿಯರು ಬಾಗಿದರೆ ಹಿಂದೆ ಸರಿಯಬಾರದು, ತಲೆ ಮುಟ್ಟಿ ಶರಣು ಅನ್ನಬೇಕು ಎಂದು ತಾಯಿ ನೀಲಗಂಗಮ್ಮ ಕಲಿಸಿದ್ದರು. ಆ ಗಾಬರಿಯಲ್ಲಿ ಅವನ ಕೈ ಅಭ್ಯಾಸದಂತೆ ತಾನೇ ಎದ್ದಿತು. ಕಾಲೇಜನ್ನೇ ನಡುಗಿಸುವ ಮನುಷ್ಯನ ನೆತ್ತಿಯ ಮೇಲೆ ಕೈಯಿಟ್ಟು, ಬೆನ್ನಿಗೆ ಬ್ಯಾಗು ನೇತುಹಾಕಿಕೊಂಡು, ಅವನು "ಶರಣು" ಎಂದ.

ಹಿಂದೆ ಸಾಲಿನಲ್ಲಿ ಸುಘೋಷ್ ನಿಂತಿದ್ದ.

ಮೊದಲ ತರಗತಿ ಮುಗಿಯುವುದರೊಳಗೆ ಶ್ರೀಶೈಲ ಕಾಲೇಜಿನ ಚೇರ್ಮನ್ನರ ಮೊಮ್ಮಗನಾಗಿದ್ದ. ಮಧ್ಯಾಹ್ನದ ಹೊತ್ತಿಗೆ ಯಾವುದೋ ದೊಡ್ಡ ಮಠದ ಮುಂದಿನ ಸ್ವಾಮಿಯಾಗಿದ್ದ. ಅವನು ಕೊನೇ ಬೆಂಚಿಗೆ ಬಂದರೆ ಮೂವರೂ ಎದ್ದು ನಿಂತರು.

"ನೀವು ಮುಂದೆ ಕೂತ್ಕೊಳ್ಳಿ," ಎಂದ ಗಿರಿರಾಜ್. "ಇಲ್ಲಿ ನಾವು ಕೆಟ್ ಕೆಟ್ದಾಗಿ ಮಾತಾಡ್ತೀವಿ."

"ನಾನೂ ಮಾತಾಡ್ತೀನಿ ಕಣೋ!"

"ಎಲ್ಲಿ, ಮಾತಾಡಿ ನೋಡೋಣ," ಎಂದಳು ಸ್ಮೃತಿ.

ಶ್ರೀಶೈಲ ಬಾಯಿ ತೆರೆದ. ಆ ಕ್ಷಣಕ್ಕೆ ಒಂದು ಬೈಗುಳವೂ ನೆನಪಾಗಲಿಲ್ಲ. ಬ್ಯಾಗು ಎತ್ತಿಕೊಂಡು ಮುಂದಿನ ಬೆಂಚಿಗೆ ಹೋಗಿ ಕೂತ.

ಸಂಜೆ ಬಸಲಿಂಗಪ್ಪನವರ ಬಳಿ ಗೋಗರೆದ. "ಅಜ್ಜಾ, ದಯವಿಟ್ಟು ಹಂಗೆ ಮಾಡ್ಬೇಡಿ. ನಾನು ಸಣ್ಣವ್ನು."

"ನೀವು ಸಣ್ಣವ್ರದೀರಿ, ಮಠ ಸಣ್ಣದೇನ್ರಿ?" ಎಂದು ಅವರು ಮತ್ತೆ ಬಾಗಿದರು.

ಮನೆಯಲ್ಲಿ ತಂದೆ ರೇವಣಸಿದ್ದಯ್ಯನವರಿಗೆ ಹೇಳಿದರೆ ಅವರು ಪೇಪರಿನಿಂದ ತಲೆಯೆತ್ತದೆ, "ಕಾರ್ಡ್ ಮರೀಬ್ಯಾಡ," ಎಂದಷ್ಟೇ ಹೇಳಿದರು.

ಈ ಸ್ವಾಮಿ ಪಟ್ಟ ಕಳಚಲೆಂದು ಶ್ರೀಶೈಲ ಗುಟ್ಕಾ ಹಾಕುವವರ ಪಕ್ಕ ನಿಂತು ನೋಡಿದ. ತಲೆಯ ಎರಡೂ ಬದಿ ಬೋಳಿಸಿಕೊಂಡ. 'ಸ್ವಾಮಿಗಳು ಮುಡಿ ಕೊಟ್ಟಿದ್ದಾರೆ' ಎಂದು ಸುದ್ದಿಯಾಯಿತು. ಕ್ಯಾಂಟೀನಿನಲ್ಲಿ ಕೂತರೆ ಟೇಬಲ್ಲು ಖಾಲಿಯಾಗುತ್ತಿತ್ತು, ಅದೂ ಗೌರವದಿಂದ.

ಮೊದಲ ಇಂಟರ್ನಲ್ಸ್ ಬಂತು. ಅಕೌಂಟ್ಸ್ ಪೇಪರಿನ ಬೆಳಿಗ್ಗೆ ಗಿರಿರಾಜ್ ಅವನ ಮುಂದೆ ಬಂದು ತಲೆ ಬಗ್ಗಿಸಿದ. "ಒಂದ್ಸಲ ಮುಟ್ಬಿಡಿ ಗುರುಗಳೇ. ಏನೂ ಓದಿಲ್ಲ." ತಮಾಷೆಗೆ ಶುರುವಾದದ್ದು ಅರ್ಧ ನಿಮಿಷದಲ್ಲಿ ತಮಾಷೆಯಾಗಿ ಉಳಿಯಲಿಲ್ಲ. ಸ್ಮೃತಿ ಬಂದಳು, ಸುಘೋಷ್ ಬಂದ, ಪಕ್ಕದ ಸೆಕ್ಷನ್ನಿನವರೂ ಬಂದರು. ಬೇಡವೆಂದರೆ ಇನ್ನಷ್ಟು ದೂರ ಹೋದಾರೆಂದು ಹೆದರಿ ಶ್ರೀಶೈಲ ಎಲ್ಲರ ತಲೆಯನ್ನೂ ಮುಟ್ಟಿದ.

ವಾರ ಕಳೆದು ಅಕೌಂಟ್ಸ್ ಮೇಡಂ ಶೋಭಾರಾಣಿ ಪೇಪರುಗಳನ್ನು ಹಂಚಿದರು. ತಲೆ ಮುಟ್ಟಿಸಿಕೊಂಡವರಲ್ಲಿ ಒಬ್ಬರೂ ಪಾಸಾಗಿರಲಿಲ್ಲ. ಎಲ್ಲರಿಗಿಂತ ಕಡಿಮೆ ಅಂಕ ತೆಗೆದವರ ಹೆಸರನ್ನು ಮೇಡಂ ಗಟ್ಟಿಯಾಗಿ ಓದಿದರು: "ಶ್ರೀಶೈಲ ಹಿರೇಮಠ. ಡೆಬಿಟ್ ಯಾವ ಕಡೆ ಬರುತ್ತೆ ಅಂತಾನೂ ಗೊತ್ತಿಲ್ವಲ್ಲಪ್ಪ ನಿಂಗೆ?"

ಮೇಡಂ ಹೊರಹೋದದ್ದೇ ತಡ ಸುಘೋಷ್ ಪೇಪರನ್ನು ಸುರುಳಿ ಸುತ್ತಿ ಮುಂದಿನ ಬೆಂಚಿಗೆ ಬಂದು ಶ್ರೀಶೈಲನ ತಲೆಗೆ ಬಾರಿಸಿದ.

"ಲೋ! ನಿಂಗೇ ಏನೂ ಬರಲ್ಲ, ನಮ್ ತಲೆ ಯಾಕೋ ಮುಟ್ಟಿದೆ?"

"ನೀವೇ ತಾನೇ ತಲೆ ಒಡ್ಡಿದ್ದು!"

"ನಾವು ದಡ್ರು, ಒಡ್ಡಿದ್ವಿ. ಬರಲ್ಲ ಅಂತ ನೀನು ಹೇಳ್ಬೇಕು ತಾನೇ?"

"ಹೇಳಕ್ ಬಿಟ್ರೇನೋ? ಎರಡ್ ತಿಂಗಳಿಂದ ಹತ್ರಾನೇ ಸೇರ್ಸಿಲ್ಲ, ದರಿದ್ರದವ್ರು!"

ಬೈಗುಳ ತಾನಾಗಿಯೇ ಬಂದಿತ್ತು. ಸ್ಮೃತಿ ಮೊದಲು ನಕ್ಕಳು. ಆಮೇಲೆ ನಾಲ್ವರೂ ನಕ್ಕರು.

ಕಾಲೇಜಿನೆದುರಿನ ಬೇಕರಿಯಲ್ಲಿ ಗಿರಿರಾಜ್ ವೆಜ್ ಪಫ್ಸ್ ಹೇಳಿದ. "ಮೂರು ಸಾಕು ಅಣ್ಣ. ಇವನಿಗೆ ಬೇಡ. ಇಡೀ ಕ್ಲಾಸನ್ನ ಫೇಲ್ ಮಾಡಿದಾನೆ, ಇವತ್ತು ಉಪವಾಸ."

ಶ್ರೀಶೈಲ ಸುಘೋಷನ ಪಫ್ಸ್ ಕಿತ್ತುಕೊಂಡು, ಅವನು ಬೆನ್ನಿಗೆ ಗುದ್ದುತ್ತಿರುವಾಗಲೇ, ಅರ್ಧವನ್ನು ಒಂದೇ ತುತ್ತಿಗೆ ಬಾಯಿಗೆ ತುರುಕಿಕೊಂಡ. ಬಿಸಿ ಆಲೂಗಡ್ಡೆ ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು. ಆದರೂ ಅವನು ಉಗುಳಲಿಲ್ಲ.