ಮಸ್ತಾನ್ ಬೀ ಹಿಡಿದ ನಾಣ್ಯಗಳು

ಗುಬ್ಬಿ ಪೇಟೆಯ ಮುನಾವರ್ ಪಾಷಾ ಅವರ ಬಳೆ ಅಂಗಡಿಯಲ್ಲಿ ಬಳೆ ತೊಡಿಸುತ್ತಿದ್ದವರು ಅವರ ಹೆಂಡತಿ ಮಸ್ತಾನ್ ಬೀ. ಆಕೆಯ ಮುಂದೆ ಜಾರಿದ ಗಾಜಿನ ಬಳೆ ನೆಲ ಮುಟ್ಟಿದ್ದನ್ನು ನಾವ್ಯಾರೂ ನೋಡಿದವರಲ್ಲ. ಒಂದು ಕೈ ಯಾರಿಗೋ ಬಳೆ ಏರಿಸುತ್ತಿರುವಾಗಲೇ ಇನ್ನೊಂದು ಕೈ ತಟ್ಟನೆ ಚಾಚಿ, ಸ್ಟ್ಯಾಂಡಿನಿಂದ ಉರುಳಿದ್ದನ್ನು ಗಾಳಿಯಲ್ಲೇ ಹಿಡಿದುಬಿಡುತ್ತಿತ್ತು. ಮಾತು ಮಾತ್ರ ನಿಲ್ಲುತ್ತಿರಲಿಲ್ಲ.

ತುಮಕೂರಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ ತಿಮ್ಮೇಶ್, ತೊಂಬತ್ತೇಳರಲ್ಲಿ ಹೆಂಡತಿಯ ಜೊತೆ ಬಳೆಗೆಂದು ಬಂದವರು ಇದನ್ನು ಕಂಡು ಬೆರಗಾದರು. ಹೊರದೇಶದಲ್ಲಿ ಕೆಲವರು ಮಡಚಿದ ಮೊಣಕೈ ಮೇಲೆ ನಾಣ್ಯಗಳನ್ನು ಪೇರಿಸಿ, ಕೈಯನ್ನು ಝಾಡಿಸಿ, ಬೀಳುವ ನಾಣ್ಯಗಳನ್ನು ಅದೇ ಅಂಗೈಯಲ್ಲಿ ಹಿಡಿಯುತ್ತಾರಂತೆ, ಅದಕ್ಕೂ ವಿಶ್ವದಾಖಲೆ ಇದೆಯಂತೆ ಎಂದು ಅವರು ಪೇಪರಿನಲ್ಲಿ ಓದಿದ್ದರು. ಒಮ್ಮೆ ಮಾಡಿ ನೋಡಿ ಎಂದರು. ತಮಾಷೆ ಇರಬೇಕೆಂದುಕೊಂಡೇ ಮಸ್ತಾನ್ ಬೀ ಕೈ ಮಡಚಿದರು. ಮೇಷ್ಟ್ರು ಪೇರಿಸಿದ ನಾಲ್ಕಾಣೆಗಳೆಲ್ಲ ಮೊದಲ ಸಲವೇ ಅಂಗೈಯಲ್ಲಿದ್ದವು.

ಅಲ್ಲಿಂದ ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅಭ್ಯಾಸ ಶುರುವಾಯಿತು. ನಾಣ್ಯ ಹೆಚ್ಚಿದಂತೆ ಅವು ಚೆಲ್ಲಾಡಿ ಚರಂಡಿಗೂ ಬಿದ್ದವು. ಮುನಾವರ್ ಪಾಷಾ ಗೊಣಗುತ್ತಲೇ ಬಗ್ಗಿ ಹುಡುಕುತ್ತಿದ್ದರು. ಕೆಲವು ತಿಂಗಳಲ್ಲಿ ಆಕೆಯ ಕೈ ದಾಖಲೆಯನ್ನು ಮೀರಿತು. ದಾಖಲೆಯವರು ಒಪ್ಪಬೇಕಾದರೆ ಸಾಕ್ಷಿಗಳ ಜೊತೆ ವಿಡಿಯೊ ಇರಲೇಬೇಕಿತ್ತು. ತಿಮ್ಮೇಶ್ ಮೇಷ್ಟ್ರು ತುಮಕೂರಿನ ಶೆಟ್ಟಿಹಳ್ಳಿಯ ಸಮುದಾಯ ಭವನವನ್ನು ಗೊತ್ತುಮಾಡಿ, ಮದುವೆಗಳಿಗೆ ವಿಡಿಯೊ ತೆಗೆಯುವ ರಾಮಾಂಜಿನಯ್ಯನನ್ನು ಕರೆಸಿದರು.

ಗುಬ್ಬಿಯಿಂದ ಒಂದು ಬಸ್ಸು ತುಂಬ ಹೆಂಗಸರು ಹೊರಟೆವು. ನಾನು ಅಮ್ಮನ ಪಕ್ಕ ಕೂತಿದ್ದೆ. ಮಸ್ತಾನ್ ಬೀ ವೇದಿಕೆಯ ಮೇಲೆ ಕೈ ಮಡಚಿ ನಿಂತರು. ಮೇಷ್ಟ್ರು ಸಾಲಾಗಿ ನಾಣ್ಯ ಪೇರಿಸಿ ಹಿಂದೆ ಸರಿದರು. ಕೈ ಝಾಡಿಸಿದ್ದು ಕಾಣಲೇ ಇಲ್ಲ. ನೆಲದ ಮೇಲೆ ಒಂದು ನಾಣ್ಯವೂ ಟಣ್ ಎನ್ನಲಿಲ್ಲ. ಸಭಾಂಗಣವಿಡೀ ಎದ್ದು ಚಪ್ಪಾಳೆ ತಟ್ಟಿತು.

ಸಂಜೆ ರಾಮಾಂಜಿನಯ್ಯನ ಸ್ಟುಡಿಯೊದ ಪುಟ್ಟ ಟೀವಿಯಲ್ಲಿ ಕ್ಯಾಸೆಟ್ ಹಾಕಿದರು. ಮಡಚಿದ ಕೈ ಕಂಡಿತು, ನಾಣ್ಯದ ಸಾಲು ಕಂಡಿತು. ಅಷ್ಟರಲ್ಲಿ ಚಿತ್ರ ಸರಕ್ಕನೆ ತಿರುಗಿ ಜನರ ಮೇಲೆ ಹೋಯಿತು. ಮತ್ತೆ ವೇದಿಕೆಗೆ ಬರುವಷ್ಟರಲ್ಲಿ ನಾಣ್ಯಗಳು ಅಂಗೈಯಲ್ಲಿದ್ದವು. ಹಿಡಿದ ಗಳಿಗೆ ಮಾತ್ರ ಎಲ್ಲೂ ಇರಲಿಲ್ಲ.

ರಾಮಾಂಜಿನಯ್ಯ ತಲೆ ತಗ್ಗಿಸಿದ. "ಮುಹೂರ್ತದ ಟೈಮಲ್ಲಿ ಜನರ ಮುಖ ಬಂದಿಲ್ಲ ಅಂದ್ರೆ ಮದ್ವೆ ಮನೆಯವ್ರು ಬೈತಾರೆ ಸಾರ್. ಕೈ ತಾನಾಗೇ ತಿರುಗ್ಬಿಡ್ತು."

ಮಸ್ತಾನ್ ಬೀ ಯಾರನ್ನೂ ಬೈಯಲಿಲ್ಲ. ಆದರೆ ಆಮೇಲೆ ಎಷ್ಟೋ ದಿನ ಬಾಯಿ ಬಿಡದೆ ಬಳೆ ತೊಡಿಸಿದರು. ಇನ್ನೊಂದು ಸಲ ಮಾಡೋಣವೆಂದು ಮೇಷ್ಟ್ರು ಓಡಾಡುತ್ತಿರುವಾಗಲೇ ಅವರಿಗೆ ಕುಣಿಗಲ್ಲಿಗೆ ವರ್ಗವಾಯಿತು. ಅಲ್ಲಿಂದಲೂ ಹೇಳಿಕಳಿಸಿದರು, ಒಮ್ಮೆ ತಾವೇ ಬಂದರು.

"ಬಿಡಿ ಸಾರ್, ಹಿಡ್ದಿದ್ದಂತೂ ನಿಜ ಅಲ್ವಾ. ಅಷ್ಟು ಜನ ನೋಡವ್ರೆ," ಎಂದರು ಮಸ್ತಾನ್ ಬೀ. ಮೇಷ್ಟ್ರು ಮತ್ತೆ ಒತ್ತಾಯಿಸಲಿಲ್ಲ.

ಎರಡು ಸಾವಿರದ ಐದರಲ್ಲಿ ಮುನಾವರ್ ಪಾಷಾ ಎದೆನೋವಿನಿಂದ ತೀರಿಕೊಂಡರು. ಫೋಟೊ ಎಂದರೆ ದೂರ ಓಡುತ್ತಿದ್ದ ಮನುಷ್ಯ. ಮಗಳು ಜೈಬಾ ಹಳೆಯ ಕ್ಯಾಸೆಟ್ಟನ್ನು ಸಿ.ಡಿ. ಮಾಡಿಸಿ ತಂದಳು. ದೊಡ್ಡ ಟೀವಿಯಲ್ಲಿ ಹಾಕಿದಾಗ ಜನರ ಹಿಂದೆ, ಗೋಡೆಗೆ ಒರಗಿ ನಿಂತಿದ್ದ ಮುನಾವರ್ ಪಾಷಾ ಕಂಡರು. ತುಟಿ ಅಲುಗುತ್ತಿತ್ತು, ದುವಾ ಓದುತ್ತಿದ್ದರೇನೋ. ಮರುಕ್ಷಣವೇ ಕಣ್ಣರಳಿತು. ಪಕ್ಕದಲ್ಲಿದ್ದ ಅಪರಿಚಿತನೊಬ್ಬನ ತೋಳು ಹಿಡಿದು, ವೇದಿಕೆ ತೋರಿಸುತ್ತ ಏನೋ ಹೇಳಿದರು. ಚಪ್ಪಾಳೆಯಲ್ಲಿ ಆ ಮಾತು ಮುಳುಗಿಹೋಗಿತ್ತು.

ಇದನ್ನೆಲ್ಲ ನನಗೆ ಹೇಳಿದ್ದು ಮಸ್ತಾನ್ ಬೀಯೇ, ಮದುವೆಯಾದ ಮೇಲೆ ನಾನು ಬಳೆಗೆಂದು ಹೋದಾಗ. "ಅವತ್ತು ಸ್ಟುಡಿಯೊದಲ್ಲಿ ಎಲ್ರೂ ನನ್ ಕೈನೇ ಹುಡುಕ್ತಿದ್ವಿ ಕಣಮ್ಮ. ಇವ್ರು ಕಾಣಿಸ್ಲೇ ಇಲ್ಲ," ಎಂದರು.

ಒಳಗೆ ಕರೆದು ಸಿ.ಡಿ. ಹಾಕಿದರು. ಎರಡನೇ ಸಾಲಿನಲ್ಲಿ ಅಮ್ಮ ಇದ್ದಳು. ಅವಳು ತೀರಿಹೋಗಿ ಆಗ ವರ್ಷವಾಗಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಮಸ್ತಾನ್ ಬೀ ಏನೂ ಕೇಳದೆ ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಹಾಕಿದರು.